ಜರ್ಮನಿಯ ವಾರದ ಸಂತೆಯಲ್ಲಿ ತರಕಾರಿ ಕೊಳ್ಳುವ ಬಗೆ

ಜರ್ಮನಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ: ಶನಿವಾರ ಬೆಳಿಗ್ಗೆ ನಿಮ್ಮೂರಿನ ವೊಖೆನ್‌ಮಾರ್ಕ್ಟ್‌ಗೆ ಹೋಗಿ. ಹಾಗೆಂದರೆ ವಾರದ ಸಂತೆ. ಬಹಳಷ್ಟು ಊರುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಅಂಗಡಿ ಎತ್ತಿಬಿಡುತ್ತಾರೆ. ಭಾನುವಾರ ಸೂಪರ್‌ಮಾರ್ಕೆಟ್‌ಗಳೂ ಮುಚ್ಚಿರುತ್ತವೆ, ಹಾಗಾಗಿ ಎರಡು ದಿನಕ್ಕಾಗುವಷ್ಟು ಕೊಳ್ಳಿ. ಕೈಚೀಲ, ಚಿಲ್ಲರೆ ಎರಡೂ ಜೊತೆಗಿರಲಿ. ಕಾರ್ಡ್ ಎಲ್ಲ ಕಡೆ ನಡೆಯುವುದಿಲ್ಲ.

ನಮ್ಮಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡದೆ ಯಾರು ಕೊಳ್ಳುತ್ತಾರೆ? ಇಲ್ಲಿ ಸಾಮಾನ್ಯವಾಗಿ ತರಕಾರಿ ಮುಟ್ಟುವಂತಿಲ್ಲ. ನಾನು ಮೊದಲ ವಾರ ಟೊಮೆಟೊ ಒತ್ತಿ ನೋಡಿದಾಗ ಅಂಗಡಿಯಾಕೆ ಮೆಲ್ಲಗೆ, "ನಾನೇ ಆರಿಸಿ ಕೊಡುತ್ತೇನೆ" ಎಂದರು. ಆಮೇಲೆ ತಿಳಿಯಿತು, ಇಲ್ಲಿ ಕೈಯ ಕೆಲಸವನ್ನು ಬಾಯಿ ಮಾಡಬೇಕು. "ಫ್ಯೂರ್ ಹೊಯ್ಟೆ", ಅಂದರೆ ಇವತ್ತಿಗೇ ಬೇಕು ಎಂದರೆ ಹಣ್ಣಾದದ್ದನ್ನೇ ಹುಡುಕಿ ಕೊಡುತ್ತಾರೆ. ಚೌಕಾಸಿ, ಕೊಸರು ಕೇಳುವ ರೂಢಿ ಇಲ್ಲ. ಆದರೆ ಅಂಗಡಿ ಎತ್ತುವ ಹೊತ್ತಿಗೆ ಕೆಲವರು ತಾವಾಗಿಯೇ ಬೆಲೆ ಇಳಿಸುತ್ತಾರೆ.

ತೂಕದ ಮಾತು. "ಐನ್ ಫುಂಟ್" ಎಂದರೆ ಇಲ್ಲಿ ಸರಿಯಾಗಿ 500 ಗ್ರಾಂ, ಅದರರ್ಧ ನಮ್ಮ ಕಾಲು ಕೆಜಿ. ಸೊಪ್ಪಿನ ಕಟ್ಟನ್ನು "ಬುಂಟ್" ಎನ್ನುತ್ತಾರೆ. ಹಲಗೆಯ ಮೇಲೆ 2,50 ಎಂದಿದ್ದರೆ ಎರಡೂವರೆ ಯೂರೊ. ಅದು ಕಿಲೋಗೋ, ಒಂದಕ್ಕೋ ("ಸ್ಟ್ಯೂಕ್") ನೋಡಿಕೊಳ್ಳಿ. ಸಾಕಾದಾಗ "ದಾಸ್ ವಾರ್ಸ್" ಎಂದರೆ ಲೆಕ್ಕ ಕೂಡುತ್ತಾರೆ.

ಈಗ ನಮ್ಮ ಅಡುಗೆಗೆ ಬೇಕಾದದ್ದು. ಇಲ್ಲಿಯವರು ಸೌತೆಕಾಯಿ ಸಲಾಡಿಗೂ ಮೀನಿಗೂ ಹಾಕುವ ಡಿಲ್ ನಮ್ಮ ಸಬ್ಬಸಿಗೆಯೇ. ಅಕ್ಕಿರೊಟ್ಟಿಗೆ ಹೆಚ್ಚಿ ಹಾಕಿ ತಟ್ಟಿದರೆ ಹೆಂಚಿನಿಂದ ಏಳುವ ಘಮ ಮನೆಯದ್ದೇ. ಶರತ್ಕಾಲದಲ್ಲಿ ಬರುವ ಕಿತ್ತಳೆ ಬಣ್ಣದ ಹೊಕ್ಕೈಡೊ ಕುಂಬಳಕಾಯಿಯ ಸಿಪ್ಪೆ ತೆಗೆಯಬೇಕಿಲ್ಲ, ಹಾಗೇ ಹೋಳು ಮಾಡಿ ಹುಳಿಗೆ ಹಾಕಿ. ಬೆಂಡೆಕಾಯಿಗೆ ಟರ್ಕಿಯವರ ಅಂಗಡಿಗಳಲ್ಲಿ "ಬಾಮ್ಯ" ಎಂದು ಕೇಳಿ. ಬರ್ಲಿನ್‌ನಲ್ಲಿರುವವರಿಗೆ ಮಂಗಳವಾರ, ಶುಕ್ರವಾರ ಲಾಂಡ್‌ವೇರ್ ಕಾಲುವೆಯ ದಡದ ಮೈಬಾಖ್‌ಊಫರ್ ಬೀದಿಯಲ್ಲಿ ಸೇರುವ ಸಂತೆ ಇದ್ದೇ ಇದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕೊಲ್‌ರಾಬಿ, ನಮ್ಮ ನವಿಲುಕೋಸು. ದುಡ್ಡು ಕೊಡುವಾಗ ಅಂಗಡಿಯವರು "ಸೊಪ್ಪು ಕಿತ್ತು ಹಾಕಲೇ?" ಎಂದು ಕೇಳುತ್ತಾರೆ. ಬಹಳ ಜನ ಹೂಂ ಎನ್ನುವುದರಿಂದ ಪಕ್ಕದ ಬುಟ್ಟಿಯಲ್ಲಿ ಎಳೆಯ ಎಲೆ ರಾಶಿ ಬಿದ್ದಿರುತ್ತದೆ. ನೀವು "ಮಿಟ್ ಬ್ಲೆಟರ್ನ್, ಬಿಟ್ಟೆ" ಎನ್ನಿ, ಎಲೆ ಸಮೇತ ಕೊಡುತ್ತಾರೆ. ಬುಟ್ಟಿಯದ್ದನ್ನೂ ಸಂಕೋಚವಿಲ್ಲದೆ ಕೇಳಿ. ನನಗೆ ಒಮ್ಮೆಯೂ ಇಲ್ಲ ಎಂದಿಲ್ಲ. ಮನೆಗೆ ಬಂದು ನಡುವಿನ ದಪ್ಪ ನರ ತೆಗೆದು, ಹೆಚ್ಚಿ, ತೊಗರಿಬೇಳೆ ಅರ್ಧ ಬೆಂದಾಗ ಸೇರಿಸಿ. ಬಸಿದ ಕಟ್ಟಿನಲ್ಲಿ ಬಸ್ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ.