ಕೂದಲಿನ ಔಷಧಿಯಿಂದ ನೆತ್ತಿ ಉರಿಯತೊಡಗಿದರೆ ಮಾಡಬೇಕಾದ್ದು

ಕೂದಲುದುರುವುದಕ್ಕೆಂದು ಮಿನಾಕ್ಸಿಡಿಲ್ ದ್ರಾವಣ ಹಚ್ಚಲು ಆರಂಭಿಸಿದ ಕೆಲವೇ ವಾರಗಳಲ್ಲಿ ನೆತ್ತಿ ತುರಿಸುವುದು, ಬಿಗಿದಂತಾಗುವುದು, ಬೈತಲೆಯ ಉದ್ದಕ್ಕೂ ಕೆಂಪಾಗಿ ಚಕ್ಕೆ ಏಳುವುದು ಬಹಳ ಮಂದಿಯ ಅನುಭವ. ಆಗ ಹೆಚ್ಚಿನವರು ‘ಈ ಔಷಧಿ ನನಗೆ ಆಗಿಬರುವುದಿಲ್ಲ’ ಎಂದು ತೀರ್ಮಾನಿಸಿ ಬಾಟಲಿಯನ್ನು ಮೂಲೆಗೆ ಎಸೆಯುತ್ತಾರೆ. ಇನ್ನು ಕೆಲವರು ಹಲ್ಲು ಕಚ್ಚಿಕೊಂಡು ಹಚ್ಚುವುದನ್ನು ಮುಂದುವರಿಸುತ್ತಾರೆ. ಎರಡೂ ಸರಿಯಲ್ಲ. ಅನೇಕರಲ್ಲಿ ಚರ್ಮವನ್ನು ಕೆಣಕುವುದು ಮಿನಾಕ್ಸಿಡಿಲ್ ಅಲ್ಲ, ಅದನ್ನು ಕರಗಿಸಿಟ್ಟಿರುವ ದ್ರವ. ಹಾಗಾಗಿ ಔಷಧಿಯನ್ನು ಕೈಬಿಡುವ ಮೊದಲು ತಪ್ಪು ಯಾವುದರದು ಎಂದು ಹುಡುಕುವುದು ಅಗತ್ಯ.

ಮಿನಾಕ್ಸಿಡಿಲ್ ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುವಲ್ಲ. ಆದ್ದರಿಂದ ದ್ರಾವಣ ತಯಾರಿಸುವಾಗ ನೀರಿನ ಜೊತೆಗೆ ಆಲ್ಕೋಹಾಲ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಬೆರೆಸುತ್ತಾರೆ. ಆಲ್ಕೋಹಾಲ್ ಚರ್ಮವನ್ನು ಒಣಗಿಸುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ಕೆಲವರಲ್ಲಿ ಉರಿಯನ್ನೂ, ಇನ್ನು ಕೆಲವರಲ್ಲಿ ನಿಜವಾದ ಅಲರ್ಜಿಯನ್ನೂ ಉಂಟುಮಾಡುತ್ತದೆ. ಶೇ. 2ರ ದ್ರಾವಣಕ್ಕಿಂತ ಶೇ. 5ರ ದ್ರಾವಣದಲ್ಲಿ ಸಾಮಾನ್ಯವಾಗಿ ಇದರ ಪ್ರಮಾಣ ಹೆಚ್ಚಿರುತ್ತದೆ. ಶೇ. 2ರಲ್ಲಿ ನೆಮ್ಮದಿಯಾಗಿದ್ದವರಿಗೆ ಶೇ. 5ಕ್ಕೆ ಬದಲಾಯಿಸಿದ ಕೂಡಲೇ ತುರಿಕೆ ಶುರುವಾಗುವುದಕ್ಕೆ ಇದೂ ಒಂದು ಕಾರಣ. ಅಮೆರಿಕದಲ್ಲಿ ಮಿನಾಕ್ಸಿಡಿಲ್ ದ್ರಾವಣಕ್ಕೆ 1988ರಲ್ಲಿ ಅನುಮತಿ ದೊರೆಯಿತು. ಪ್ರೊಪಿಲೀನ್ ಗ್ಲೈಕಾಲ್ ಇಲ್ಲದ ನೊರೆ, ಅಂದರೆ ಫೋಮ್, ಬಂದದ್ದು 2006ರಲ್ಲಿ. ದ್ರಾವಣ ತಾಳದವರಿಗೆ ಇಂದು ಮೊದಲು ಹೇಳಬೇಕಾದ ದಾರಿ ಇದೇ.

ಮೊದಲು ನಿಮ್ಮ ನೆತ್ತಿಯಲ್ಲಿ ಆಗುತ್ತಿರುವುದು ಏನೆಂದು ಗುರುತಿಸಿಕೊಳ್ಳಿ. ಹಚ್ಚಿದ ಸ್ವಲ್ಪ ಹೊತ್ತಿನಲ್ಲೇ ಉರಿದು, ಹಚ್ಚಿದ ಜಾಗದಲ್ಲಷ್ಟೇ ಒಣಗಿ ಬಿಗಿಯುವುದಾದರೆ ಅದು ಬಹುತೇಕ ಬರಿಯ ಕೆರಳಿಕೆ. ಒಂದೆರಡು ದಿನ ತಡವಾಗಿ ಕಾಣಿಸಿಕೊಂಡು, ಪ್ರತಿ ಬಾರಿ ಹಚ್ಚಿದಾಗಲೂ ಹೆಚ್ಚುತ್ತಾ, ಹಣೆ, ಕಿವಿಯ ಹಿಂಭಾಗ, ಕತ್ತಿನವರೆಗೆ ಹರಡಿ, ಸಣ್ಣ ಗುಳ್ಳೆಗಳೆದ್ದು ನೀರು ಸೋರುವುದಾದರೆ ಅಲರ್ಜಿಯೆಂದು ಶಂಕಿಸಬೇಕು. ಇವೆರಡೂ ಅಲ್ಲದ ಮೂರನೆಯದೊಂದಿದೆ: ದ್ರಾವಣ ಒಣಗಿದ ಮೇಲೆ ಉಳಿಯುವ ಬಿಳಿಯ ಪುಡಿ. ಅದನ್ನು ತಲೆಹೊಟ್ಟು ಎಂದು ತಿಳಿದು ನಾನೇ ಕೆಲವು ವಾರ ಶಾಂಪೂ ಬದಲಾಯಿಸುತ್ತಾ ಕಳೆದಿದ್ದೇನೆ. ಕಪ್ಪು ಬಟ್ಟೆಯ ಮೇಲೆ ಬಾಚಿ ಉದುರಿಸಿ ನೋಡಿದಾಗ ವ್ಯತ್ಯಾಸ ತಿಳಿಯಿತು. ಔಷಧಿಯ ಪುಡಿ ಉಪ್ಪಿನ ಹುಡಿಯಂತೆ ನಯವಾಗಿ, ಒಣಗಿ ಇರುತ್ತದೆ. ಅದರಡಿಯ ಚರ್ಮ ಕೆಂಪಾಗಿರುವುದಿಲ್ಲ. ಹೊಟ್ಟಿನ ಚಕ್ಕೆ ಅದಕ್ಕಿಂತ ದೊಡ್ಡದು, ಎಷ್ಟೋ ಬಾರಿ ಜಿಡ್ಡುಜಿಡ್ಡಾಗಿ ಹಳದಿ ಬಣ್ಣಕ್ಕೆ ತಿರುಗಿ ಬೆರಳಿಗೆ ಅಂಟಿಕೊಳ್ಳುತ್ತದೆ. ಆರಂಭದ ಎರಡರಿಂದ ಎಂಟು ವಾರಗಳಲ್ಲಿ ಕೂದಲು ಇನ್ನಷ್ಟು ಉದುರುವುದು ಕೂಡ ಬೇರೆಯೇ ವಿಷಯ. ಹಳೆಯ ಕೂದಲು ಜಾರಿ ಹೊಸದಕ್ಕೆ ಜಾಗ ಕೊಡುವ ಹಂತವದು, ಚರ್ಮ ಕೆರಳಿದ ಲಕ್ಷಣವಲ್ಲ.

ನೆತ್ತಿ ಕೆಂಪಾಗಿ ಉರಿಯುತ್ತಿದ್ದರೆ ಹಚ್ಚುವುದನ್ನು ನಿಲ್ಲಿಸಿ. ಗಾಯಗೊಂಡ ಚರ್ಮದ ಮೂಲಕ ಔಷಧಿ ರಕ್ತಕ್ಕೆ ಹೆಚ್ಚಾಗಿ ಸೇರುತ್ತದೆ ಎಂಬುದನ್ನು ಲಘುವಾಗಿ ತೆಗೆದುಕೊಳ್ಳಬೇಡಿ, ಏಕೆಂದರೆ ಮಿನಾಕ್ಸಿಡಿಲ್ ಮೂಲತಃ ರಕ್ತದೊತ್ತಡ ಇಳಿಸುವ ಮಾತ್ರೆಯಾಗಿ ಬಳಕೆಗೆ ಬಂದದ್ದು. ಎದೆ ಡವಗುಟ್ಟುವುದು, ಎದೆನೋವು, ತಲೆ ಸುತ್ತುವುದು, ಕೈಕಾಲು ಊದಿಕೊಳ್ಳುವುದು, ಕಾರಣವಿಲ್ಲದೆ ದಿಢೀರನೆ ತೂಕ ಏರುವುದು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಮುಖ ಊದಿ ಉಸಿರಾಟ ಕಷ್ಟವಾದರೆ ಅದು ತುರ್ತು ಚಿಕಿತ್ಸೆಯ ಸಂದರ್ಭ.

ಅಂಥದ್ದೇನೂ ಇಲ್ಲದಿದ್ದರೆ ಒಂದೆರಡು ವಾರ ನೆತ್ತಿಗೆ ಬಿಡುವು ಕೊಡಿ. ಪರಿಮಳವಿಲ್ಲದ ಸೌಮ್ಯ ಶಾಂಪೂ ಮತ್ತು ಉಗುರುಬೆಚ್ಚಗಿನ ನೀರು ಸಾಕು. ಉಗುರಿನಿಂದ ಕೆರೆಯುವುದು, ಬಣ್ಣ ಹಾಕುವುದು, ಸುಗಂಧ ತೈಲ ಹಚ್ಚುವುದು ಈ ಅವಧಿಯಲ್ಲಿ ಬೇಡ. ತುರಿಕೆ ನಿದ್ದೆ ಕೆಡಿಸುವಷ್ಟಿದ್ದರೆ ಚರ್ಮರೋಗ ತಜ್ಞರು ಕೆಲವು ದಿನಗಳ ಮಟ್ಟಿಗೆ ಸ್ಟೀರಾಯ್ಡ್ ಲೋಷನ್ ಬರೆದುಕೊಡುತ್ತಾರೆ. ಅದನ್ನು ನೀವಾಗಿಯೇ ಕೊಂಡು ಹಚ್ಚಿಕೊಳ್ಳಬೇಡಿ. ಜಿಡ್ಡಿನ ಹೊಟ್ಟು ಇದ್ದವರಿಗೆ ವೈದ್ಯರ ಸಲಹೆಯಂತೆ ವಾರಕ್ಕೆರಡು ಬಾರಿ ಶಿಲೀಂಧ್ರನಾಶಕವಾದ ಕೀಟೊಕೊನಜೋಲ್ ಶಾಂಪೂ ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯುವುದರಿಂದ ಅನುಕೂಲವಾಗುತ್ತದೆ. ಬಿಡುವು ಕೊಟ್ಟರೆ ಬೆಳೆದ ಕೂದಲೆಲ್ಲ ಹೋಗಿಬಿಡುತ್ತದೆ ಎಂಬ ಭಯ ನನಗೆ ಚೆನ್ನಾಗಿ ಗೊತ್ತು. ಆದರೆ ಔಷಧಿ ಪೂರ್ತಿ ಬಿಟ್ಟಾಗಲೂ ಅದರ ಫಲ ಕರಗುವುದು ಕೆಲವು ತಿಂಗಳುಗಳಲ್ಲಿ. ಎರಡು ವಾರದ ವಿರಾಮಕ್ಕೆ ಅಷ್ಟು ಹೆದರಬೇಕಾಗಿಲ್ಲ.

ಮತ್ತೆ ಆರಂಭಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಫೋಮ್, ಹೊಸ ಶಾಂಪೂ, ಹೊಸ ಎಣ್ಣೆ ಮೂರನ್ನೂ ಒಟ್ಟಿಗೆ ತಂದರೆ ಗುಣವಾದದ್ದು ಯಾವುದರಿಂದ, ಕೆಟ್ಟದ್ದು ಯಾವುದರಿಂದ ಎಂದು ತಿಳಿಯುವುದೇ ಇಲ್ಲ. ಪ್ರೊಪಿಲೀನ್ ಗ್ಲೈಕಾಲ್ ಇಲ್ಲವೆಂಬುದನ್ನು ಡಬ್ಬಿಯ ಮೇಲಿನ ಘಟಕಗಳ ಪಟ್ಟಿಯಲ್ಲಿ ಓದಿ ಖಚಿತಪಡಿಸಿಕೊಂಡು, ಹೊಸ ಫೋಮನ್ನು ಮೊಣಕೈಯ ಒಳಮಡಿಕೆಯಲ್ಲಿ ನಾಣ್ಯದಗಲದ ಜಾಗಕ್ಕೆ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಿ. ಅಲ್ಲಿ ಕೆಂಪಾಗದಿದ್ದರೆ ನೆತ್ತಿಗೆ ಮೊದಲು ದಿನ ಬಿಟ್ಟು ದಿನ, ಅನಂತರ ದಿನಕ್ಕೊಮ್ಮೆ, ಅದೂ ಒಗ್ಗಿದ ಮೇಲೆ ನಿಮಗೆ ಸೂಚಿಸಿದ ಪೂರ್ಣ ಪ್ರಮಾಣಕ್ಕೆ ಬನ್ನಿ. ಫೋಮಿನಲ್ಲೂ ಆಲ್ಕೋಹಾಲ್ ಇರುತ್ತದೆ, ಆದ್ದರಿಂದ ಹಚ್ಚಿದ ಕ್ಷಣದ ಚುರುಚುರು ಪೂರ್ತಿ ಹೋಗದಿರಬಹುದು. ಅದು ಬೇಗ ತಣಿದರೆ ಚಿಂತಿಸಬೇಕಿಲ್ಲ.

ಹಚ್ಚುವ ಕ್ರಮದಲ್ಲೂ ಅರ್ಧ ಪರಿಹಾರವಿದೆ. ತಲೆ ಪೂರ್ತಿ ಒಣಗಿರಲಿ. ಕೂದಲನ್ನು ಬೇರ್ಪಡಿಸಿ, ಔಷಧಿ ಕೂದಲಿಗಲ್ಲದೆ ಚರ್ಮಕ್ಕೇ ತಾಗುವಂತೆ ಇಟ್ಟು, ಬೆರಳ ತುದಿಯಿಂದ ಮೆಲ್ಲಗೆ ಸವರಿ, ತಿಕ್ಕಬೇಡಿ. ದ್ರಾವಣವಾದರೆ ಒಂದು ಸಲಕ್ಕೆ 1 ಮಿಲಿ ಲೀಟರ್ ಸಾಕು, ಹೆಚ್ಚು ಸುರಿದರೆ ಕೂದಲು ಹೆಚ್ಚು ಬೆಳೆಯುವುದಿಲ್ಲ, ಹಣೆಗೆ ಇಳಿದು ಅಲ್ಲೂ ಉರಿ ಎಬ್ಬಿಸುತ್ತದೆ. ಕೈ ತೊಳೆದುಕೊಳ್ಳಿ, ಒಣಗಿದ ಮೇಲಷ್ಟೇ ಮಲಗಿ, ಒಣಗುವವರೆಗೆ ಬೆಂಕಿಯ ಬಳಿ ಸುಳಿಯಬೇಡಿ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಎಚ್ಚರ ಬೇಕು. ಮಿನಾಕ್ಸಿಡಿಲ್ ಬೆಕ್ಕುಗಳಿಗೆ ವಿಷ, ದಿಂಬಿನ ಮೇಲೆ ಉಳಿದದ್ದನ್ನು ನೆಕ್ಕಿದರೂ ಅಪಾಯವಿದೆ. ಟ್ರೆಟಿನಾಯಿನ್ (ವಿಟಮಿನ್ ಎ ವರ್ಗದ ಚರ್ಮದ ಔಷಧಿ) ಬೆರೆಸಿದ ದ್ರಾವಣಗಳು ಮತ್ತು ನೆತ್ತಿಯ ಮೇಲೆ ಉರುಳಿಸುವ ಸೂಜಿಯ ರೋಲರ್ ಎರಡೂ ಔಷಧಿಯನ್ನು ಚರ್ಮದೊಳಕ್ಕೆ ಹೆಚ್ಚಾಗಿ ಇಳಿಸುತ್ತವೆ, ಉರಿಯನ್ನೂ ಹೆಚ್ಚಿಸುತ್ತವೆ. ಕೆರಳಿದ ನೆತ್ತಿಗೆ ಇವು ಬೇಡವೇ ಬೇಡ.

ಫೋಮಿಗೂ ಗುಳ್ಳೆ ಎದ್ದರೆ ಮನೆಯ ಪ್ರಯೋಗಗಳನ್ನು ಅಲ್ಲಿಗೇ ನಿಲ್ಲಿಸಿ, ಚರ್ಮರೋಗ ತಜ್ಞರ ಬಳಿ ಪ್ಯಾಚ್ ಟೆಸ್ಟ್ ಮಾಡಿಸಿ. ಶಂಕಿತ ವಸ್ತುಗಳನ್ನು ಬೇರೆಬೇರೆಯಾಗಿ ಬೆನ್ನಿಗೆ ಅಂಟಿಸಿ, 48 ಗಂಟೆಗಳ ಬಳಿಕ ತೆಗೆದು, ಇನ್ನೂ ಒಂದೆರಡು ದಿನ ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಮಿನಾಕ್ಸಿಡಿಲ್‌ಗೇ ಅಲರ್ಜಿ ಎಂದು ತಿಳಿದರೆ ಯಾವ ಫೋಮೂ, ಯಾವ ದ್ರಾವಣವೂ ಉಪಯೋಗಕ್ಕೆ ಬಾರದು. ಬೇರೆ ಚಿಕಿತ್ಸೆಯ ಬಗ್ಗೆ ಮಾತಾಡಬೇಕು. ಆ ಭೇಟಿಗೆ ಹೋಗುವಾಗ ಔಷಧಿಯ ಬಾಟಲಿ, ತಲೆಗೆ ಬಳಸುವ ಶಾಂಪೂ, ಎಣ್ಣೆ, ಬಣ್ಣ ಎಲ್ಲವನ್ನೂ ಡಬ್ಬಿಯ ಸಮೇತ ಒಯ್ಯಿರಿ, ಉರಿ ಜೋರಾಗಿದ್ದ ದಿನ ತೆಗೆದ ಫೋಟೋವನ್ನೂ ತೋರಿಸಿ.