ಮನೆಯಲ್ಲೇ ಪಿಸಿಬಿ: ಲೇಸರ್ ಪ್ರಿಂಟು, ಇಸ್ತ್ರಿ ಪೆಟ್ಟಿಗೆ ಸಾಕು

ಪಿಸಿಬಿ ಎಂದರೆ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ತಾಮ್ರದ ಗೆರೆಗಳಿಂದ ಜೋಡಿಸುವ ಬೋರ್ಡ್. ಅಂಥ ಒಂದೇ ಒಂದು ಬೋರ್ಡ್ ಬೇಕು, ಅದೂ ಇವತ್ತೇ ಬೇಕು ಅಂದರೆ ಟೋನರ್ ವಿಧಾನಕ್ಕಿಂತ ಸುಲಭದ್ದು ಇಲ್ಲ. ಲೇಸರ್ ಪ್ರಿಂಟರಿನ ಟೋನರ್ ಎಂದರೆ ಪ್ಲಾಸ್ಟಿಕ್ ಬೆರೆತ ಪುಡಿ. ಬಿಸಿಗೆ ಕರಗಿ ತಾಮ್ರಕ್ಕೆ ಅಂಟುತ್ತದೆ, ಕೆಳಗಿನ ತಾಮ್ರವನ್ನು, ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡ್‌ನಿಂದ ಕಾಪಾಡುತ್ತದೆ. ಇಂಕ್‌ಜೆಟ್ ಪ್ರಿಂಟ್ ಇದಕ್ಕೆ ಆಗದು.

ಕಾಪರ್ ಕ್ಲ್ಯಾಡ್ ಬೋರ್ಡ್ (ತಾಮ್ರದ ತೆಳು ಹಾಳೆ ಅಂಟಿಸಿದ ಬೋರ್ಡ್), ಫೆರಿಕ್ ಕ್ಲೋರೈಡ್ ಎರಡೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಡಿಸೈನಿಗೆ ಕಿಕ್ಯಾಡ್ (KiCad) ಎಂಬ ಸಾಫ್ಟ್‌ವೇರ್ ಉಚಿತ. ಗೆರೆಗಳು 0.5 ಮಿ.ಮೀ.ಗಿಂತ ಸಣ್ಣದಾಗದಿರಲಿ. ಡಿಸೈನಿನಲ್ಲಿ ತಾಮ್ರದ ಬದಿಗೆ ಒಂದು ಅಕ್ಷರ ಸೇರಿಸಿ. ಪ್ರಿಂಟಿನಲ್ಲಿ ಅದು ಉಲ್ಟಾ ಕಂಡರೆ ಬೋರ್ಡ್ ಮೇಲೆ ಸರಿಯಾಗಿ ಬರುತ್ತದೆ. ಹೊಳಪಿನ ಮ್ಯಾಗಜೀನ್ ಹಾಳೆಯ ಮೇಲೆ, ನಿಜ ಅಳತೆಯಲ್ಲಿ, ಆದಷ್ಟು ಕಡುಕಪ್ಪಾಗಿ ಪ್ರಿಂಟ್ ತೆಗೆಯಿರಿ.

ಬೋರ್ಡ್ ಕೆಡುವುದು ಹೆಚ್ಚಾಗಿ ತಾಮ್ರದ ಮೇಲಿನ ಜಿಡ್ಡಿನಿಂದ. ನಯವಾದ ಉಪ್ಪುಕಾಗದದಿಂದ ಉಜ್ಜಿ, ಸೋಪಿನಿಂದ ತೊಳೆದು ಒಣಗಿಸಿ, ಅಸಿಟೋನ್‌ನಿಂದ ಒರೆಸಿ. ಆಮೇಲೆ ಬೆರಳು ತಾಗಿಸಲೇಬೇಡಿ. ಒಂದು ಬೆರಳಚ್ಚು ಸಾಕು, ಅಲ್ಲಿ ಟೋನರ್ ಹಿಡಿಯುವುದಿಲ್ಲ.

ಪ್ರಿಂಟ್ ಆದ ಬದಿಯನ್ನು ತಾಮ್ರಕ್ಕೆ ತಾಗುವಂತೆ ಇಡಿ. ಇಸ್ತ್ರಿ ಪೆಟ್ಟಿಗೆ ಕಾಟನ್ ಮಟ್ಟದ ಬಿಸಿಯಲ್ಲಿರಲಿ, ಹಬೆ ಬೇಡ. ಮೊದಲು ಅಲ್ಲಾಡಿಸದೆ ಒತ್ತಿ ಹಿಡಿಯಿರಿ. ಕಾಗದ ಕೂತ ಮೇಲೆ ಅಂಚುಗಳನ್ನು ಪೆಟ್ಟಿಗೆಯ ಮೂತಿಯಿಂದ ತೀಡಿ. ಒಟ್ಟು 3ರಿಂದ 5 ನಿಮಿಷ ಸಾಕು. ತಣ್ಣಗಾದ ಮೇಲೆ ನೀರಿನಲ್ಲಿ ನೆನೆಹಾಕಿ. ಕಾಗದವನ್ನು ಎಳೆದು ಕೀಳಬೇಡಿ, ಟೋನರ್ ಜೊತೆಗೇ ಎದ್ದು ಬರುತ್ತದೆ. ಮೆತ್ತಗಾದ ಮೇಲೆ ಹೆಬ್ಬೆರಳಿನಿಂದ ಉಜ್ಜಿದರೆ ಉಂಡೆಯುಂಡೆಯಾಗಿ ಬರುತ್ತದೆ, ಅವಸರ ಬೇಡ. ಗೆರೆ ತುಂಡಾಗಿದ್ದರೆ ಪರ್ಮನೆಂಟ್ ಮಾರ್ಕರ್‌ನಿಂದ ತಿದ್ದಿ.

ಈಗ ಪ್ಲಾಸ್ಟಿಕ್ ತಟ್ಟೆಯಲ್ಲಿ ಫೆರಿಕ್ ಕ್ಲೋರೈಡ್ ದ್ರಾವಣ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ. ಪುಡಿ ಕಲಸುವುದಾದರೆ ಅದನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ಕಲಸುವಾಗ ಬಿಸಿಯಾಗುತ್ತದೆ. ಬೋರ್ಡ್ ಮುಳುಗಿಸಿ ತಟ್ಟೆಯನ್ನು ಮೆಲ್ಲಗೆ ಆಡಿಸುತ್ತಿರಿ. ದ್ರಾವಣ ಉಗುರುಬೆಚ್ಚಗಿದ್ದರೆ ಕೆಲಸ ಬೇಗ. ಬೇಡದ ತಾಮ್ರ ಹೋದ ಕೂಡಲೇ ತೆಗೆದು ತೊಳೆಯಿರಿ. ಜಾಸ್ತಿ ಹೊತ್ತು ಬಿಟ್ಟರೆ ಗೆರೆಗಳ ಅಂಚೂ ಸವೆಯುತ್ತದೆ.

ಟೋನರ್ ಅನ್ನು ಅಸಿಟೋನ್‌ನಿಂದ ಒರೆಸಿ, ಬಿಡಿಭಾಗಗಳ ಕಾಲು ತೂರಿಸಲು ತೂತು ಕೊರೆಯಿರಿ. ಐಸಿ, ರೆಸಿಸ್ಟರ್‌ಗಳಿಗೆ 0.8 ಮಿ.ಮೀ., ಪಿನ್ನುಗಳ ಸಾಲಾದ ಪಿನ್ ಹೆಡರ್‌ಗೆ 1 ಮಿ.ಮೀ. ಬಿಟ್. ಗ್ಲಾಸ್ ಎಪಾಕ್ಸಿ ಬೋರ್ಡಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಇರಲಿ. ಬೆಸುಗೆಗೆ ಮುಂಚೆ ಮಲ್ಟಿಮೀಟರ್‌ನಲ್ಲಿ ಪ್ರತಿ ಗೆರೆಯನ್ನೂ ಪರೀಕ್ಷಿಸಿ.

ಉಳಿದ ದ್ರಾವಣವನ್ನು ದಯವಿಟ್ಟು ಚರಂಡಿಗೆ ಸುರಿಯಬೇಡಿ. ಅದರಲ್ಲಿ ಕರಗಿದ ತಾಮ್ರ ಮೀನುಗಳಿಗೆ ವಿಷ. ಹೆಸರು ಬರೆದ ಪ್ಲಾಸ್ಟಿಕ್ ಬಾಟಲಿಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಟ್ಟರೆ ಇನ್ನೂ ಹಲವು ಬೋರ್ಡ್‌ಗಳಿಗೆ ಬರುತ್ತದೆ.