ಕಾರ್ಖಾನೆಯ ತಲೆಯ ಮೇಲೊಂದು ದ್ರಾಕ್ಷಿ ಗುಡ್ಡ: ಸ್ಟುಟ್‌ಗಾರ್ಟ್‌ನ ರೋಟೆನ್‌ಬರ್ಗ್ ಸುತ್ತುವುದು ಹೇಗೆ?

ಬೆಂಗಳೂರಿನ ಬಾಷ್, ಮರ್ಸಿಡಿಸ್ ಕಚೇರಿಗಳಿಂದ ಮೂರು ತಿಂಗಳ ಮಟ್ಟಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋದವರ ವಾರಾಂತ್ಯಗಳು ಹೆಚ್ಚುಕಡಿಮೆ ಒಂದೇ ಥರ. ಒಂದು ವಾರ ಪ್ಯಾರಿಸ್, ಇನ್ನೊಂದು ವಾರ ಸ್ವಿಟ್ಜರ್ಲೆಂಡ್. ಊರೊಳಗೇ ಇರುವ ಗುಡ್ಡ ಮಾತ್ರ ಹಾಗೇ ಉಳಿದುಹೋಗುತ್ತದೆ. ಉಂಟರ್‌ಟ್ಯುರ್ಕ್‌ಹೈಮ್ ಎಂಬ ಬಡಾವಣೆಯಲ್ಲಿ ನೆಕ್ಕರ್ ನದಿಯ ದಡಕ್ಕೆ ಮರ್ಸಿಡಿಸ್ ಕಾರ್ಖಾನೆ ಇದೆ. ಅಲ್ಲಿ ನಿಂತು ತಲೆ ಎತ್ತಿ ನೋಡಿ. ಇಳಿಜಾರಿನ ತುಂಬ ದ್ರಾಕ್ಷಿ ಸಾಲುಗಳು, ತುದಿಯಲ್ಲಿ ಗುಮ್ಮಟದ ಒಂದು ಕಟ್ಟಡ, ಒಬ್ಬ ರಾಣಿಯ ಸಮಾಧಿ ಮಂದಿರ. ಅದೇ ರೋಟೆನ್‌ಬರ್ಗ್. ವೈನ್ ಕುಡಿಯದವರಿಗೂ ಇದು ಒಂದು ಒಳ್ಳೆಯ ಮಧ್ಯಾಹ್ನ. ಹೋಗುವ ಕ್ರಮ ಇಲ್ಲಿದೆ.

ಮೊದಲು ದಿನ ನೋಡಿಕೊಳ್ಳಿ

ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್‌ವರೆಗೆ ಹೋದರೆ ಕೊಯ್ಲು ಕಾಣುತ್ತದೆ, ಎಲೆಗಳೂ ಹಳದಿ ತಿರುಗಿರುತ್ತವೆ. ಮೇ, ಜೂನ್ ಕೂಡ ಚೆನ್ನ. ಚಳಿಗಾಲದಲ್ಲಿ ಬಳ್ಳಿ ಬೋಳು, ಮೇಲಿನ ಸಮಾಧಿ ಮಂದಿರದ ಬಾಗಿಲೂ ಮುಚ್ಚಿರುತ್ತದೆ. ಸೋಮವಾರ ಅದಕ್ಕೆ ರಜೆ. ಹೊರಡುವ ಹಿಂದಿನ ದಿನ ಸಮಯ ನೋಡಿಕೊಳ್ಳುವುದು ವಾಸಿ.

ಬಸ್ಸಿನಲ್ಲಿ ಹತ್ತಿ, ನಡೆದು ಇಳಿಯಿರಿ

ಬಹಳ ಜನ ಮಾಡುವುದು ಇದಕ್ಕೆ ಉಲ್ಟಾ. ನದಿ ದಡದಿಂದ ಏದುಸಿರು ಬಿಡುತ್ತಾ ಹತ್ತುತ್ತಾರೆ, ಮೇಲೆ ಒಂದು ಫೋಟೊ ತೆಗೆದು ಬಂದ ದಾರಿಯಲ್ಲೇ ವಾಪಸ್ ಬರುತ್ತಾರೆ. ಆಗ ಗುಡ್ಡದ ಇನ್ನೊಂದು ಮಗ್ಗುಲಿನ ಹಳ್ಳಿ ತಪ್ಪಿಹೋಗುತ್ತದೆ. ನನ್ನ ಕೇಳಿದರೆ ಇಡೀ ಸುತ್ತಾಟದಲ್ಲಿ ಚೆಂದದ ಭಾಗವೇ ಅದು.

ಮುಖ್ಯ ರೈಲು ನಿಲ್ದಾಣದಿಂದ ಎಸ್1 ಲೋಕಲ್ ರೈಲು ಹಿಡಿದು ಉಂಟರ್‌ಟ್ಯುರ್ಕ್‌ಹೈಮ್‌ನಲ್ಲಿ ಇಳಿಯಿರಿ. ಅಲ್ಲಿಂದ 61ನೇ ನಂಬರ್ ಬಸ್ ರೋಟೆನ್‌ಬರ್ಗ್‌ಗೆ ಹತ್ತುತ್ತದೆ. ನಿಮ್ಮ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್ (ದೇಶದ ಲೋಕಲ್ ರೈಲು, ಬಸ್‌ಗಳಿಗೆ ನಡೆಯುವ ತಿಂಗಳ ಪಾಸ್) ಇದ್ದರೆ ಎರಡಕ್ಕೂ ಅದೇ ಸಾಕು. ಇಲ್ಲದಿದ್ದರೆ, ಮೂರ್ನಾಲ್ಕು ಜನ ಸೇರಿ ಹೊರಟಾಗ ಗುಂಪಿನ ದಿನದ ಟಿಕೆಟ್ ಅಗ್ಗ. ಒಂದೇ ಟಿಕೆಟ್‌ನಲ್ಲಿ 5 ಜನ ಓಡಾಡಬಹುದು. ಸ್ಟುಟ್‌ಗಾರ್ಟ್‌ನ ಹೊಸ ರೈಲು ನಿಲ್ದಾಣದ ಕೆಲಸ ವರ್ಷಗಟ್ಟಲೆ ಎಳೆದಿದೆ. ಅದರಿಂದಾಗಿ ಆಗಾಗ ಲೋಕಲ್ ರೈಲೂ ನಿಲ್ಲುತ್ತದೆ. ಹಾಗಾಗಿ ಬೆಳಿಗ್ಗೆ ಒಮ್ಮೆ ಆ್ಯಪ್ ನೋಡಿಯೇ ಮನೆ ಬಿಡಿ.

ಸಮಾಧಿ ಮಂದಿರ: ಕಥೆ ಗೊತ್ತಿದ್ದರೆ ನೋಡುವ ಕಣ್ಣೇ ಬೇರೆ

ಬಸ್ ಇಳಿದು ಸ್ವಲ್ಪ ಹತ್ತಿದರೆ ಗುಡ್ಡದ ನೆತ್ತಿ. ಎತ್ತರ ಸುಮಾರು 411 ಮೀಟರ್. ಇಲ್ಲಿ ಮೊದಲು, ಈ ಸೀಮೆಯನ್ನು ಆಳುತ್ತಿದ್ದ ವ್ಯುರ್ಟೆಂಬರ್ಗ್ ರಾಜಮನೆತನದ ಮೂಲ ಕೋಟೆ ಇತ್ತು. ಅದನ್ನು ಕೆಡವಿಸಿದ್ದು ಶತ್ರುವಲ್ಲ, ಅದೇ ಮನೆತನದ ದೊರೆ ಒಂದನೇ ವಿಲ್‌ಹೆಲ್ಮ್. ತೀರಿಕೊಂಡ ಹೆಂಡತಿಗೆ ಸಮಾಧಿ ಕಟ್ಟಿಸಲು!

ರಾಣಿಯ ಹೆಸರು ಕಟರೀನಾ, ರಷ್ಯಾದ ತ್ಸಾರ್ ಮನೆತನದ ಮಗಳು. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ, ಗಂಧಕ ಆಕಾಶಕ್ಕೇರಿ 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಕೊಳೆಯಿತು, ವ್ಯುರ್ಟೆಂಬರ್ಗ್‌ನಲ್ಲಿ ಜನ ಹಸಿವಿನಿಂದ ಒದ್ದಾಡಿದರು. ರಾಜ ರಾಣಿ ಪಟ್ಟಕ್ಕೆ ಬಂದದ್ದು ಅದೇ ವರ್ಷ. ಕಟರೀನಾ ಬಡವರಿಗೆ ನೆರವಿನ ಸಂಘಗಳನ್ನು ಕಟ್ಟಿದರು. ಆಸ್ಪತ್ರೆ, ಹೆಣ್ಣುಮಕ್ಕಳ ಶಾಲೆ, ಉಳಿತಾಯ ಬ್ಯಾಂಕ್‌ಗಳ ಹಿಂದೆಯೂ ಅವರಿದ್ದರು. ಬೇಸಾಯ ಸುಧಾರಿಸಲೆಂದು 1818ರಲ್ಲಿ ಹೋಹೆನ್‌ಹೈಮ್‌ನಲ್ಲಿ ಒಂದು ಸಂಸ್ಥೆ ಶುರುವಾಯಿತು. ಅದು ಈಗ ವಿಶ್ವವಿದ್ಯಾಲಯ. ಅದೇ ವರ್ಷ, ಈಗ ಸ್ಟುಟ್‌ಗಾರ್ಟ್‌ನ ಬಡಾವಣೆಯಾಗಿರುವ ಕಾನ್‌ಸ್ಟಾಟ್‌ನಲ್ಲಿ ರೈತರ ಹಬ್ಬ ನಡೆಯಿತು. ಇವತ್ತು ಸಹೋದ್ಯೋಗಿಗಳು ನಿಮ್ಮನ್ನು ಬಿಯರ್ ಟೆಂಟಿಗೆ ಎಳೆದೊಯ್ಯುವ ಫೋಕ್ಸ್‌ಫೆಸ್ಟ್ ಅದರದೇ ಮುಂದುವರಿಕೆ. ಮರುವರ್ಷ ಜನವರಿಯಲ್ಲಿ ರಾಣಿ ತೀರಿಕೊಂಡರು. ಆಗ ಅವರಿಗೆ ಬರೀ 30 ವರ್ಷ.

ಮಂದಿರ ಕಟ್ಟಿದವರು ಇಟಲಿಯ ವಾಸ್ತುಶಿಲ್ಪಿ ಜೊವಾನಿ ಸಲೂಚಿ. 1820ರಲ್ಲಿ ಶುರುವಾಗಿ 1824ಕ್ಕೆ ಮುಗಿಯಿತು. ಬಾಗಿಲ ಮೇಲೆ, ಪ್ರೀತಿಗೆ ಕೊನೆಯಿಲ್ಲ ಎನ್ನುವ ಬೈಬಲ್ ಸಾಲು ಇದೆ. ದೊರೆ ಅಷ್ಟೇನೂ ನಿಷ್ಠೆಯ ಗಂಡನಾಗಿರಲಿಲ್ಲ ಎಂಬ ಗುಸುಗುಸು ಊರಲ್ಲಿ ಇಂದಿಗೂ ಉಂಟು. ಇರಲಿ, 1864ರಲ್ಲಿ ಸತ್ತ ಮೇಲೆ ಆತನನ್ನು ಮಲಗಿಸಿದ್ದೂ ಇಲ್ಲೇ, ಕಟರೀನಾ ಪಕ್ಕದಲ್ಲಿ. ಒಳಗೆ ಹೋಗಲು ಟಿಕೆಟ್ ಇದೆ, ಕೆಲವೇ ಯೂರೊ. ಹೊರಗಿನ ನೋಟ ಪುಕ್ಕಟೆ: ಕೆಳಗೆ ನದಿ, ಬಂದರು, ಕಾರ್ಖಾನೆಯ ಉದ್ದುದ್ದ ಚಾವಣಿಗಳು, ಫುಟ್‌ಬಾಲ್ ಸ್ಟೇಡಿಯಂ. ಆಚೆ ಗುಡ್ಡದ ಮೇಲೆ 1956ರ ಟಿವಿ ಗೋಪುರ.

ಊಲ್‌ಬಾಖ್ ಕಡೆಗೆ ಇಳಿಜಾರು

ಈಗ ನದಿಗೆ ಬೆನ್ನು ಹಾಕಿ. ತೋಟಗಳ ನಡುವಿನ ದಾರಿ ಹಿಡಿದರೆ ಆರಾಮಾಗಿ ಅರ್ಧ ಗಂಟೆಯಲ್ಲಿ ಊಲ್‌ಬಾಖ್ ಎಂಬ ಹಳ್ಳಿಗೆ ಇಳಿಯುತ್ತೀರಿ. ಇದೂ 1937ರಿಂದ ಸ್ಟುಟ್‌ಗಾರ್ಟ್ ನಗರದ್ದೇ ಭಾಗ.

ದಾರಿಯಲ್ಲಿ ಒಂದು ಬಳ್ಳಿಯ ಹತ್ತಿರ ನಿಂತು ನೋಡಿ. ಗೊಂಚಲು ದೊಡ್ಡದು, ಹಣ್ಣು ದಪ್ಪ, ಬಣ್ಣ ಕೆಂಪುನೀಲಿ ಇದ್ದರೆ ಅದು ಬಹುತೇಕ ಟ್ರೊಲಿಂಗರ್, ಈ ಸೀಮೆಯ ಹೆಸರಾದ ತಳಿ. ಇದು ತಡವಾಗಿ ಹಣ್ಣಾಗುತ್ತದೆ. ಹಾಗಾಗಿ ಜಾಸ್ತಿ ಬಿಸಿಲು ಬೀಳುವ ದಕ್ಷಿಣದ ಇಳಿಜಾರೇ ಇದಕ್ಕೆ ಬೇಕು. ಇಳಿಜಾರಿನಿಂದ ಇನ್ನೊಂದು ಲಾಭ: ವಸಂತದ ರಾತ್ರಿ ತಣ್ಣನೆ ಗಾಳಿ ಕೆಳಗೆ ಜಾರಿಹೋಗುತ್ತದೆ, ಎಳೆ ಚಿಗುರು ಹಿಮಕ್ಕೆ ಕರಕಲಾಗುವುದು ತಪ್ಪುತ್ತದೆ.

ಹಣ್ಣು ಕೀಳಬೇಡಿ. ಒಂದೇ ಒಂದು ತಾನೇ ಅನ್ನಿಸುತ್ತದೆ, ಆದರೆ ಅದು ಯಾರದೋ ವರ್ಷದ ದುಡಿಮೆ. ಕಾರ್ಖಾನೆ ಕೆಲಸ ಮುಗಿಸಿ ಬಂದು ತೋಟ ನೋಡಿಕೊಳ್ಳುವವರೂ ಈ ಸೀಮೆಯಲ್ಲಿದ್ದಾರೆ. ಕಿರಿದಾದ ಟ್ರ್ಯಾಕ್ಟರ್ ಬಂದರೆ ಪಕ್ಕಕ್ಕೆ ಸರಿದು ದಾರಿ ಕೊಡಿ. ಮಳೆ ಬಂದ ಮರುದಿನ ಸಾಲುಗಳ ನಡುವೆ ಕಾಲಿಡದಿರುವುದೇ ಒಳ್ಳೆಯದು, ಇಲ್ಲಿನ ಜೇಡಿ ಮಣ್ಣು ಬೂಟಿಗೆ ಹತ್ತಿದರೆ ಬಿಡುವುದಿಲ್ಲ.

ಊಲ್‌ಬಾಖ್‌ನಲ್ಲಿ ಮರದ ಚೌಕಟ್ಟಿನ ಹಳೇ ಮನೆಗಳು, ಚರ್ಚು, ಮೊದಲು ದ್ರಾಕ್ಷಿ ಹಿಂಡುತ್ತಿದ್ದ ಕಟ್ಟಡದಲ್ಲಿ ಒಂದು ವೈನ್ ಮ್ಯೂಸಿಯಂ ಇವೆ. ರೋಟೆನ್‌ಬರ್ಗ್, ಊಲ್‌ಬಾಖ್ ಎರಡೂ ಊರಿನ ಬೆಳೆಗಾರರ ಸಹಕಾರ ಸಂಘಗಳು 2007ರಲ್ಲಿ ಒಂದಾಗಿ ಕೊಲೇಗಿಯುಮ್ ವಿರ್ಟೆಂಬರ್ಗ್ ಆಯಿತು. ಅದರ ಅಂಗಡಿಯಲ್ಲಿ ರುಚಿ ನೋಡಿ ಕೊಳ್ಳಬಹುದು. ಭಾನುವಾರ ಅಂಗಡಿ ಸಿಗುತ್ತದೆಂದು ನಂಬಿಕೊಂಡು ಹೋಗಬೇಡಿ.

ಪೊರಕೆ ಕಂಡರೆ ಒಳಗೆ ಹೋಗಿ

ಮನೆ ಬಾಗಿಲಲ್ಲಿ ಪೊರಕೆ ನೇತು ಹಾಕಿದ್ದರೆ ಅದು ಬೆಸನ್. ಬೆಳೆಗಾರರು ತಮ್ಮ ವೈನನ್ನು ತಮ್ಮದೇ ಜಾಗದಲ್ಲಿ ಮಾರುವ ತಾತ್ಕಾಲಿಕ ಹೋಟೆಲು. ಕಾನೂನಿನ ಪ್ರಕಾರ ವರ್ಷಕ್ಕೆ 4 ತಿಂಗಳು ಮಾತ್ರ, 40 ಸೀಟಿಗಿಂತ ಜಾಸ್ತಿ ಇರುವಂತಿಲ್ಲ. ಹಾಗಾಗಿ ಯಾವುದು ಯಾವ ವಾರ ತೆರೆದಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಕೈಯಲ್ಲಿ ನಗದು ಇರಲಿ. ಖಾಲಿ ಟೇಬಲ್‌ಗೆ ಕಾಯಬೇಡಿ, ಕೂತವರನ್ನು ‘ಇಸ್ಟ್ ಹೀರ್ ನೋಖ್ ಫ್ರೈ?’ (ಇಲ್ಲಿ ಜಾಗ ಖಾಲಿ ಇದೆಯಾ?) ಎಂದು ಕೇಳಿ ಪಕ್ಕದಲ್ಲಿ ಕೂರಿ. ಇಲ್ಲಿ ಅದೇ ರೂಢಿ. ‘ಫೀರ್ಟೆಲೆ’ ಅಂದರೆ ಹಿಡಿ ಇರುವ ಗ್ಲಾಸಿನಲ್ಲಿ ಕಾಲು ಲೀಟರ್ ವೈನ್ ಬರುತ್ತದೆ. ಟ್ರೊಲಿಂಗರ್ ತೆಳು ಕೆಂಪು, ಒಗರು ಕಡಿಮೆ. ಗಡುಸು ವೈನ್ ಬೇಕೆನ್ನುವವರಿಗೆ ಸಪ್ಪೆ ಅನ್ನಿಸಬಹುದು. ಅವರು ಲೆಂಬರ್ಗರ್ ಎಂಬ ಇನ್ನೊಂದು ಕೆಂಪು ವೈನ್ ಕೇಳಲಿ. ಕುಡಿಯದವರು ‘ಟ್ರೌಬೆನ್‌ಸಾಫ್ಟ್’ ಕೇಳಿದರೆ ದ್ರಾಕ್ಷಿ ರಸ ಸಿಗುತ್ತದೆ.

ಸಸ್ಯಾಹಾರಿಗಳು ಹುಷಾರು. ನಿರುಪದ್ರವಿಯಂತೆ ಕಾಣುವ ಆಲೂ ಸಲಾಡ್‌ಗೆ ಇಲ್ಲಿನವರು ಸಾಮಾನ್ಯವಾಗಿ ಮಾಂಸದ ಸಾರು ಹಾಕುತ್ತಾರೆ. ಈರುಳ್ಳಿ ಕೇಕ್‌ನಲ್ಲಿ ಹಂದಿಮಾಂಸದ ಚೂರು, ಬೇಳೆ ಜೊತೆ ಸಾಸೇಜ್ ಇರುತ್ತವೆ. ಚೀಸ್ ಹಾಕಿದ ನೂಡಲ್ಸ್, ಅಂದರೆ ಕೇಸೆ-ಶ್ಪೆಟ್ಸ್‌ಲೆ ವಾಸಿ. ಆದರೂ ‘ಓನೆ ಫ್ಲೈಶ್, ಓನೆ ಶ್ಪೆಕ್’ (ಮಾಂಸ ಬೇಡ, ಹಂದಿಮಾಂಸದ ಚೂರೂ ಬೇಡ) ಎಂದು ಬಾಯಿಬಿಟ್ಟು ಹೇಳಿ.

ವಾಪಸ್ ಬರಲು ಊಲ್‌ಬಾಖ್‌ನಿಂದ 62ನೇ ಬಸ್ ಓಬರ್‌ಟ್ಯುರ್ಕ್‌ಹೈಮ್‌ಗೆ ಬಿಡುತ್ತದೆ. ಅಲ್ಲಿ ಮತ್ತೆ ಎಸ್1. ಶರತ್ಕಾಲದಲ್ಲಿ ಹೊಸ ವೈನ್ ಕೊಂಡಿದ್ದರೆ ಬಾಟಲಿಯನ್ನು ಬ್ಯಾಗಿನಲ್ಲಿ ಅಡ್ಡ ಮಲಗಿಸಬೇಡಿ, ಮುಚ್ಚಳವನ್ನೂ ಬಿಗಿ ಮಾಡಬೇಡಿ. ಅದಿನ್ನೂ ಹುದುಗುತ್ತಿರುತ್ತದೆ. ಗ್ಯಾಸ್ ಹೊರಹೋಗಲೆಂದೇ ಮುಚ್ಚಳ ಸಡಿಲ ಇಟ್ಟಿರುತ್ತಾರೆ. ಬೇಸಿಗೆಯ ದೋಸೆ ಹಿಟ್ಟಿನ ಥರ ಉಕ್ಕಿದರೆ ಬ್ಯಾಗಿನಲ್ಲಿರುವ ಲ್ಯಾಪ್‌ಟಾಪ್ ಕಥೆ ಮುಗಿಯಿತು. ನೆಟ್ಟಗೆ ಕೈಯಲ್ಲೇ ಹಿಡಿದುಕೊಳ್ಳಿ, ಮನೆಗೆ ಹೋದ ತಕ್ಷಣ ಫ್ರಿಜ್‌ನಲ್ಲಿ ನಿಲ್ಲಿಸಿ, ಒಂದೆರಡು ದಿನದಲ್ಲಿ ಮುಗಿಸಿ.